ಬೀಮ್ ಕನೆಕ್ಷನ್‌ನಲ್ಲಿ ಶಿಯರ್, ಆಕ್ಸಿಯಲ್ ಎರಡನ್ನೂ ಬೇರೆ ಬೇರೆ ಚೆಕ್ ಮಾಡಿದರೆ ಸಾಕಾ?

ಸಾಲದು. ಶಿಯರ್ ಅಂದರೆ ಬೀಮ್ ತುದಿಯಲ್ಲಿ ಕೆಳಕ್ಕೆ ಕತ್ತರಿಸುವ ಲೋಡ್, ಆಕ್ಸಿಯಲ್ ಅಂದರೆ ಬೀಮ್ ಉದ್ದಕ್ಕೂ ಎಳೆಯುವ ಅಥವಾ ಒತ್ತುವ ಲೋಡ್. ನಾನು ತುಮಕೂರಿನಲ್ಲಿ ಶೆಡ್‌ಗಳ ಡಿಸೈನ್ ಮಾಡುತ್ತೇನೆ, ಈ ಪ್ರಶ್ನೆ ಇಲ್ಲಿ ಆಗಾಗ ಬರುತ್ತದೆ. ನೀವು ಕೊಟ್ಟ ಅಂಕಿಗಳಲ್ಲೇ ನೋಡೋಣ.

ವಸಂತನರಸಾಪುರದ ನಿಮ್ಮ ಶೆಡ್‌ನಲ್ಲಿ ಬೀಮ್ ಐಎಸ್‌ಎಂಬಿ 300, ಅಂದರೆ 300 ಮಿ.ಮೀ. ಎತ್ತರದ ‘ಐ’ ಆಕಾರದ ಉಕ್ಕಿನ ಬೀಮ್. ಕಾಲಮ್‌ಗೆ ವೆಲ್ಡ್ ಮಾಡಿ ಬೀಮ್‌ನ ವೆಬ್‌ಗೆ (ನಡುವಿನ ತೆಳು ಭಾಗಕ್ಕೆ) ಬೋಲ್ಟ್ ಹಾಕುವ ಫಿನ್ ಪ್ಲೇಟ್ 10 ಮಿ.ಮೀ. ಒಂದೇ ಸಾಲಿನಲ್ಲಿ 70 ಮಿ.ಮೀ.ಗೊಂದರಂತೆ ಮೂರು ಎಂ20 (20 ಮಿ.ಮೀ. ವ್ಯಾಸದ) ಬೋಲ್ಟ್, ಮಾಮೂಲಿ ಶಕ್ತಿಯ 4.6 ಗ್ರೇಡ್. ವೆಲ್ಡ್‌ನಿಂದ ಬೋಲ್ಟ್ ಸಾಲಿಗೆ 50 ಮಿ.ಮೀ. ಸುರಕ್ಷತೆಯ ಫ್ಯಾಕ್ಟರ್ ಹಾಕಿದ ಮೇಲೆ ಶಿಯರ್ 80 ಕಿಲೋನ್ಯೂಟನ್, ಗಾಳಿ ತಡೆಯುವ ಬ್ರೇಸಿಂಗ್‌ನಿಂದ ಬರುವ ಆಕ್ಸಿಯಲ್ 60.

ಬೋಲ್ಟ್ ಕತ್ತರಿಸುವ ಜಾಗ (ಶಿಯರ್ ಪ್ಲೇನ್) ಥ್ರೆಡ್ ಮೇಲೆ ಬಂದರೆ ಉಕ್ಕಿನ ಡಿಸೈನ್ ಕೋಡ್ ಐಎಸ್ 800:2007 ಪ್ರಕಾರ ಈ ಬೋಲ್ಟ್ ಒಂದಕ್ಕೆ ಸುಮಾರು 45 ಕಿಲೋನ್ಯೂಟನ್ ತಡೆಯುವ ಶಕ್ತಿ. ಬರೀ ಶಿಯರ್ ನೋಡಿದರೆ ಒಂದೊಂದು ಬೋಲ್ಟ್‌ಗೆ ನೇರವಾಗಿ 26.7 ಬರುತ್ತದೆ. ಬೋಲ್ಟ್ ಸಾಲು ವೆಲ್ಡ್‌ನಿಂದ 50 ಮಿ.ಮೀ. ದೂರ ಇರುವುದರಿಂದ (ಎಕ್ಸೆಂಟ್ರಿಸಿಟಿ) ತುದಿಯ ಬೋಲ್ಟ್‌ಗಳಿಗೆ ಅಡ್ಡಕ್ಕೆ 28.6 ಸೇರುತ್ತದೆ. ಒಂದು ಲಂಬ, ಇನ್ನೊಂದು ಅಡ್ಡ, ಹಾಗಾಗಿ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು 39, ಪಾಸ್. ಬರೀ ಆಕ್ಸಿಯಲ್ ಅಂದರೆ ಬೋಲ್ಟ್‌ಗೆ 20, ಅದೂ ಪಾಸ್. ಆದರೆ ಆ 20 ಕೂಡ ಅಡ್ಡಕ್ಕೇ ಇದೆ, ಅಲ್ವಾ? ಅದು 28.6ರ ಜೊತೆ ನೇರವಾಗಿ ಕೂಡುತ್ತದೆ: 48.6. ಇದರ ಜೊತೆ ಲಂಬದ 26.7 ಅನ್ನು ಅದೇ ರೀತಿ ಸೇರಿಸಿದರೆ 55 ದಾಟುತ್ತದೆ. ಫೇಲ್! ಗಾಳಿ ದಿಕ್ಕು ಬದಲಿಸಿದರೆ ಮೇಲಿನ ಬೋಲ್ಟ್ ಬದಲು ಕೆಳಗಿನದಕ್ಕೆ ಇದೇ ಲೋಡ್. 8.8 ಗ್ರೇಡ್ ಹಾಕಿ, ಶಕ್ತಿ 90ಕ್ಕೆ ಏರುತ್ತದೆ. ಆಮೇಲೆ ಬೇರಿಂಗ್ ನೋಡಿ, ಅಂದರೆ ಬೋಲ್ಟ್ ಒತ್ತಿ ತೂತಿನ ಅಂಚು ನಜ್ಜಾಗುತ್ತದಾ ಅಂತ.

ಬೀಮ್ ವೆಬ್ ಅಡ್ಡಕ್ಕೆ ಹರಿದು ಬರುವ ಬ್ಲಾಕ್ ಶಿಯರ್ ಚೆಕ್ ಮಾಡಿ. ವೆಲ್ಡ್‌ಗೂ ಎರಡೂ ಲೋಡ್ ಒಟ್ಟಿಗೆ ಹಾಕಿ. ಆಕ್ಸಿಯಲ್ ಕಂಪ್ರೆಷನ್ ಆದರೆ ಪ್ಲೇಟ್ ಬಾಗದಷ್ಟು ದಪ್ಪ ಇರಲಿ.

ನನಗೆ ಜಾಸ್ತಿ ಚಿಂತೆ ಕಾಲಮ್‌ದು. ಪ್ಲೇಟ್ ಕಾಲಮ್‌ನ ವೆಬ್‌ಗೆ ವೆಲ್ಡ್ ಆಗಿದ್ದು ಬೀಮ್ ಒಂದೇ ಕಡೆ ಇದ್ದರೆ, ಆ 60 ಕಿಲೋನ್ಯೂಟನ್ ತೆಳು ವೆಬ್ಬನ್ನು ಹೊರಕ್ಕೆ ಎಳೆಯುತ್ತದೆ. ವೆಬ್ ಆ ದಿಕ್ಕಿನಲ್ಲಿ ತುಂಬಾ ದುರ್ಬಲ. ಬೋಲ್ಟ್ ಲೆಕ್ಕ ಮುಗಿದ ತಕ್ಷಣ ಸುಮ್ನೆ ಫೈಲ್ ಮುಚ್ಚುವವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಕಾಲಮ್‌ನ ಎರಡು ಫ್ಲೇಂಜ್‌ಗಳ (ಅಂಚಿನ ದಪ್ಪ ಭಾಗಗಳ) ನಡುವೆ ಫಿನ್ ಪ್ಲೇಟಿನ ಮೇಲೆ, ಕೆಳಗೆ ಅಡ್ಡ ಸ್ಟಿಫನರ್ (ಬಿಗಿ ಕೊಡುವ ಪ್ಲೇಟ್) ಕೂರಿಸಿ, ಲೋಡ್ ಫ್ಲೇಂಜ್‌ಗೆ ಹೋಗಲು ದಾರಿ ಮಾಡಿ.

ಇನ್ನೊಂದು ಮಾತು. ಎರೆಕ್ಷನ್ ಸುಲಭ ಅಂತ ಫ್ಯಾಬ್ರಿಕೇಟರ್ ಅಡ್ಡ ಸ್ಲಾಟ್ (ಅಡ್ಡಕ್ಕೆ ಉದ್ದನೆಯ ತೂತು) ಕೇಳಿದರೆ ಒಪ್ಪಬೇಡಿ. ಆಕ್ಸಿಯಲ್ ಬಂದಾಗ ಮಾಮೂಲಿ ಬೋಲ್ಟ್ ಸ್ಲಾಟ್‌ನಲ್ಲಿ ಜಾರುತ್ತದೆ. ಸ್ಲಾಟ್ ಬೇಕೇ ಬೇಕು ಅಂದರೆ ಬಿಗಿತದ ಘರ್ಷಣೆಯಿಂದಲೇ ಹಿಡಿಯುವ ಫ್ರಿಕ್ಷನ್ ಗ್ರಿಪ್ ಬೋಲ್ಟ್ ಹಾಕಿ, ಜಾರುವ ಲೆಕ್ಕವನ್ನೂ ಮಾಡಿ.

ಕಾಲಮ್ ಸೆಕ್ಷನ್ ಯಾವುದು, ಬೀಮ್ ಕಾಲಮ್‌ನ ವೆಬ್‌ಗೆ ಸೇರುತ್ತದೋ ಫ್ಲೇಂಜ್‌ಗೋ ತಿಳಿಸಿ. ಸ್ಟಿಫನರ್ ಅಳತೆ ನೋಡಿ ಹೇಳುತ್ತೇನೆ.