ಹಳೆಯ ಕಾರಿನ ಒಳಭಾಗದ ಮಂಕಾದ ಪ್ಲಾಸ್ಟಿಕ್ಕನ್ನು ಸ್ವಚ್ಛಗೊಳಿಸುವುದು ಹೇಗೆ?

ಹಳೆಯ ಮಾರುತಿ 800ರಂತಹ ಕಾರಿನ ಡ್ಯಾಶ್‌ಬೋರ್ಡ್ ಮಂಕಾಗಿದ್ದರೆ, ಅದು ಕೊಳೆಯೋ ಅಥವಾ ಬಿಸಿಲಿಗೆ ಬಣ್ಣಗೆಟ್ಟಿದ್ದೋ ಎಂಬುದನ್ನು ಮೊದಲು ತಿಳಿಯಬೇಕು. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿದಾಗ ಬಟ್ಟೆ ಕಂದಾದರೆ ಬಹುಪಾಲು ಕೊಳೆಯೇ. ಉಗುರುಬೆಚ್ಚಗಿನ ನೀರಿಗೆ ಕೆಲವು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ತರಿತರಿಯಾದ ಮೇಲ್ಮೈಯ ಸಣ್ಣ ಗೆರೆಗಳಲ್ಲಿ ಕೈಬೆವರಿನ ಜಿಡ್ಡಿನೊಡನೆ ಅಂಟಿಕೊಂಡ ಧೂಳು ಬಟ್ಟೆಗೆ ಸಿಗುವುದಿಲ್ಲವಾದ್ದರಿಂದ, ಅಲ್ಲಿ ಮೆತ್ತನೆಯ ಟೂತ್‌ಬ್ರಷ್‌ನಿಂದ ಉಜ್ಜಿ, ನೊರೆ ಒಣಗುವ ಮೊದಲೇ ಬರೀ ನೀರಿನ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಥಿನ್ನರ್ ಬೇಡವೇ ಬೇಡ. ಅದು ಪ್ಲಾಸ್ಟಿಕ್ಕನ್ನೇ ಹಾಳುಮಾಡೀತು. ಒಣಗಿದ ಮೇಲೆ ಬಿಸಿಲಿನಿಂದ ರಕ್ಷಣೆ ಕೊಡುವ, ಹೊಳಪಿಲ್ಲದ ಡ್ರೆಸ್ಸಿಂಗನ್ನು (ಪ್ಲಾಸ್ಟಿಕ್ಕಿಗೆ ಹಚ್ಚುವ ಲೇಪನ) ತೆಳ್ಳಗೆ ಹಚ್ಚಿ. ಅಂಗಡಿಯವರು ಮೆಚ್ಚಿ ಕೊಡುವ ಮಿರಮಿರ ಮಿಂಚುವ ಪಾಲಿಶ್ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣು ಕುಕ್ಕುತ್ತದೆ. ಸ್ಟಿಯರಿಂಗ್ ಮತ್ತು ಪೆಡಲ್‌ಗಳಿಗೆ ಮಾತ್ರ ಏನನ್ನೂ ಹಚ್ಚಬಾರದು.