ಓದುಗರ ಪ್ರಶ್ನೆಗೆ ಉತ್ತರ: ಹೆಬ್ಬೇವಿನ ಬೆಲೆ ಮೊದಲ ಇಪ್ಪತ್ತು ಅಡಿಯಲ್ಲಿ

ಪ್ರಶ್ನೆ: ಎರಡು ಎಕರೆ ಮಸಾರಿ ಹೊಲವಿದೆ, ಕೊಳವೆಬಾವಿಯಲ್ಲಿ ಎರಡಿಂಚು ನೀರು. ಪ್ಲೈವುಡ್ಡಿಗೆಂದು ಹೆಬ್ಬೇವು ಹಾಕಬೇಕೆಂದಿದ್ದೇನೆ. ಎಕರೆಗೆ 400 ಗಿಡ ಹಾಕಬಹುದೇ? (ಜಗಳೂರು ತಾಲ್ಲೂಕು)

ಉತ್ತರ: ಬೇಡ. ಹತ್ತಡಿ ಅಂತರದಲ್ಲಿ ಎಕರೆಗೆ 435 ಗಿಡ ಹಿಡಿಯುತ್ತವೆ ನಿಜ, ಆದರೆ ಅದು ಕಾಗದದ ತಿರುಳಿಗೆ ಬೆಳೆಯುವವರ ಲೆಕ್ಕ. ಹೆಬ್ಬೇವು ಕಾಡಿನಲ್ಲಿ ತೆರಪು ಬಿದ್ದ ಜಾಗವನ್ನು ಮೊದಲು ಹಿಡಿಯುವ ಜಾತಿ. ಬಿಸಿಲು ಸಿಕ್ಕಷ್ಟು ಬೆಳೆಯುತ್ತದೆ, ಪಕ್ಕದ ಗಿಡದ ನೆರಳು ಬಿದ್ದರೆ ಸಣಕಲಾಗಿ ಉದ್ದ ಹೋಗುತ್ತದೆ. ನೀವು 16 ಅಡಿ ಅಂತರ ಕೊಟ್ಟು ಎಕರೆಗೆ 170 ಗಿಡ ಹಾಕಿ. ಮೊದಲೆರಡು ವರ್ಷ ನಡುವೆ ಶೇಂಗಾ, ಈರುಳ್ಳಿ ತೆಗೆಯಬಹುದು.

ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ 10 ಕಿಲೋ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮೃಗಶಿರಾ, ಆರಿದ್ರಾ ಮಳೆಯಲ್ಲಿ ನೆಡಿ. ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುರುಳಿಯನ್ನು ಕತ್ತರಿಸಲೇಬೇಕು. ಹಾಗೇ ನೆಟ್ಟರೆ ಮೂರನೇ ವರ್ಷದ ಗಾಳಿಗೆ ಮರ ಬುಡಸಮೇತ ವಾಲುತ್ತದೆ. ನಿಮ್ಮ ಕಡೆಯ ಮಳೆಯೊಂದನ್ನೇ ನಂಬಿದರೆ ಗಿಡ ಬದುಕೀತು, ಏಳೆಂಟು ವರ್ಷಕ್ಕೆ ದಪ್ಪವಾಗದು. ಬೇಸಿಗೆಯಲ್ಲಿ ಎಳೆಗಿಡಕ್ಕೆ ವಾರಕ್ಕೆರಡು ಸಲ 15–20 ಲೀಟರ್ ಹನಿ ನೀರು ಕೊಡಿ, ಬೆಳೆದಂತೆ ಹೆಚ್ಚಿಸಿ.

ಇನ್ನು ಸವರುವ ಕೆಲಸ. ಇದರಲ್ಲೇ ಹೆಚ್ಚಿನವರು ಎಡವುವುದು. ಹೆಬ್ಬೇವಿನ ಎಲೆಯ ದಂಟು ಉದ್ದ, ನೋಡಲು ಟೊಂಗೆಯಂತೆಯೇ ಇರುತ್ತದೆ. ಅದನ್ನೇ ಕಡಿದರೆ ಗಿಡದ ಊಟ ಕಿತ್ತುಕೊಂಡಂತೆ. ಎಲೆದಂಟು ತಾನಾಗಿಯೇ ಉದುರುತ್ತದೆ, ಬಿಡಿ. ಎಲೆಯ ಕಂಕುಳಲ್ಲಿ ಮೂಡುವ ಚಿಗುರನ್ನು ಮಾತ್ರ, ಮೆದುವಿರುವಾಗಲೇ, ತಿಂಗಳಿಗೊಮ್ಮೆ ಕೈಯಿಂದ ಚಿವುಟಿ. ಇಪ್ಪತ್ತಡಿ ಎತ್ತರದವರೆಗೆ ಹೀಗೆ ಮಾಡಿ, ಆಮೇಲೆ ಕವಲೊಡೆಯಲು ಬಿಡಿ. ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತಾ ತೆಳುವಾದ ಹಾಳೆಯಾಗಿ ಸುಲಿಯುತ್ತಾರೆ. ಗಂಟಿದ್ದಲ್ಲೆಲ್ಲ ಹಾಳೆ ತೂತಾಗುತ್ತದೆ, ದರ ಅಲ್ಲಿಗೇ ಇಳಿಯುತ್ತದೆ.

ಪ್ರಶ್ನೆ: ನಾಲೆ ಕೆಳಗಿನ ಎರೆಹೊಲದಲ್ಲಿ ಒಂದು ವರ್ಷದ ಗಿಡಗಳು ಮಳೆಗಾಲದಲ್ಲಿ ಹಳದಿಯಾಗಿ ಒಣಗುತ್ತಿವೆ. ಯಾವ ಔಷಧಿ ಹೊಡೆಯಲಿ? (ಹರಿಹರ ತಾಲ್ಲೂಕು)

ಉತ್ತರ: ಔಷಧಿ ಹೊಡೆದು ದುಡ್ಡು ಕಳೆದುಕೊಳ್ಳಬೇಡಿ. ನೀರು ನಿಂತು, ಬೇರಿಗೆ ಗಾಳಿಯಾಡದೆ ಕೊಳೆಯುತ್ತಿದೆ. ಎರಡು ಸಾಲಿಗೊಂದರಂತೆ ಮೂರಡಿ ಆಳದ ಬಸಿಗಾಲುವೆ ತೆಗೆದು ಬುಡಕ್ಕೆ ಮಣ್ಣೇರಿಸಿ. ಮೇಲಿನ ಗದ್ದೆಯ ನೀರು ಸದಾ ಜಿನುಗುವ ಜಾಗವಾದರೆ ಅಲ್ಲಿ ಹೆಬ್ಬೇವನ್ನು ಕೈಬಿಡುವುದೇ ಸರಿ.

ಪ್ರಶ್ನೆ: ಬೀಜ ಹಾಕಿ ಎರಡು ತಿಂಗಳಾಯಿತು, ಒಂದೂ ಮೊಳೆತಿಲ್ಲ. (ಹೊಸದುರ್ಗ)

ಉತ್ತರ: ಮಡಿ ಕೆದಕಬೇಡಿ, ಮೂರು ತಿಂಗಳು ಹಿಡಿಯುವುದುಂಟು. ಗೊರಟೆ ಕಲ್ಲಿನಂತೆ ಗಟ್ಟಿ, ನೀರು ಒಳಹೋಗುವುದೇ ಕಷ್ಟ. ಮುಂದಿನ ಸಲ ಜನವರಿ, ಫೆಬ್ರುವರಿಯಲ್ಲಿ ಮಾಗಿ ಹಳದಿಯಾದ ಹಣ್ಣು ಆರಿಸಿ, ತಿರುಳು ಉಜ್ಜಿ ತೊಳೆದು, ಗೊರಟೆಯನ್ನು ಸಗಣಿ ಬಗ್ಗಡದಲ್ಲಿ ಒಂದು ವಾರ ನೆನೆಹಾಕಿ. ನೆರಳಿಲ್ಲದ ಏರುಮಡಿಯಲ್ಲಿ ಬಿತ್ತಿ ದಿನವೂ ನೀರು ಚಿಮುಕಿಸಿ. ಮಡಿ ಬಿಸಿಯಾದಷ್ಟೂ ಒಳ್ಳೆಯದು. ಇಷ್ಟಾದರೂ ನೂರಕ್ಕೆ ಇಪ್ಪತ್ತೈದು ಮೊಳೆತರೆ ಸಮಾಧಾನಪಡಬೇಕು. ಬೀಜದ ಮರವನ್ನೂ ಒಮ್ಮೆ ನೋಡಿಕೊಳ್ಳಿ: ಹಣ್ಣು ಗೋಲಿಯಷ್ಟು ಸಣ್ಣದಾಗಿ, ಹೂವು ನೇರಳೆಯಾಗಿದ್ದರೆ ಅದು ಹುಚ್ಚುಬೇವು. ಹೆಬ್ಬೇವಿನ ಹಣ್ಣು ಮೊಟ್ಟೆಯಾಕಾರ, ಅದಕ್ಕಿಂತ ದೊಡ್ಡದು.

ಪ್ರಶ್ನೆ: ವ್ಯಾಪಾರಿ ಇಡೀ ತೋಪನ್ನು ಗುತ್ತಿಗೆ ಕೇಳುತ್ತಿದ್ದಾರೆ. ನಾಟಾ ಎಷ್ಟಿದೆ ಎಂದು ತಿಳಿಯುವುದು ಹೇಗೆ? (ಚನ್ನಗಿರಿ)

ಉತ್ತರ: ಅಳೆಯದೆ ಮಾತು ಕೊಡಬೇಡಿ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. ಸುತ್ತಳತೆ 30 ಇಂಚು, ಉದ್ದ 20 ಅಡಿ ಇದ್ದರೆ 7.8 ಘನ ಅಡಿ. ಈ ಸೂತ್ರದಲ್ಲಿ ನಿಜವಾದ ಗಾತ್ರಕ್ಕಿಂತ ನೂರಕ್ಕೆ ಇಪ್ಪತ್ತೊಂದರಷ್ಟು ಆಗಲೇ ಕಡಿಮೆ ಬಂದಿರುತ್ತದೆ. ಆದ್ದರಿಂದ ತೊಗಟೆ, ಸವಕಲು ಎಂದು ಮತ್ತೆ ಕಡಿತ ಕೇಳಿದರೆ ಸುಲಭಕ್ಕೆ ಒಪ್ಪಬೇಡಿ. ಟನ್ ಲೆಕ್ಕದಲ್ಲಿ ಕೊಡುವುದಾದರೆ ಕಡಿದ ದಿನವೇ ತೂಕ ಹಾಕಿಸಿ, ಹಸಿಮರ ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಕೊಡಲಿ ಹಾಕುವ ಮೊದಲು ಕಡಿತಲೆ, ಸಾಗಾಣಿಕೆಯ ನಿಯಮವನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ಪಹಣಿ ಜೊತೆಗಿರಲಿ.