ಆಡಿಟ್‌ಗೆಂದು ಹಳೆಯ ರಿಜಿಸ್ಟರನ್ನು ಚೊಕ್ಕಟ ಮಾಡಬೇಡಿ

ಗ್ರಾಹಕ ಕಂಪನಿಯವರು ಮುಂದಿನ ತಿಂಗಳು ದಾಖಲೆ ನೋಡಲು ಬರುತ್ತಾರೆ, ಯಾವ ಸಾಫ್ಟ್‌ವೇರ್ ಕೊಳ್ಳಲಿ ಎಂದು ಕೇಳಿದ್ದೀರಿ. ಅಷ್ಟರೊಳಗೆ ಹಳೆಯ ರಿಜಿಸ್ಟರುಗಳನ್ನೆಲ್ಲ ಹೊಸ ಪುಸ್ತಕಕ್ಕೆ ಅಂದವಾಗಿ ಇಳಿಸೋಣ ಎಂದು ಅಣ್ಣ ಹೇಳುತ್ತಿದ್ದಾರಂತೆ. ಮೊದಲು ಅಣ್ಣನ ಕೈಯಿಂದ ಪೆನ್ನು ಕಸಿದುಕೊಳ್ಳಿ. ಸಾಫ್ಟ್‌ವೇರ್ ಮಾತು ಆಮೇಲೆ.

ನನ್ನದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಮಷಿನ್ ಶಾಪ್. ನಮ್ಮ ಕೆಲಸವೂ ನಿಮ್ಮಂತೆಯೇ ಜಾಬ್ ವರ್ಕ್. ಇಲ್ಲಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಪಂಪ್ ಹೌಸಿಂಗ್, ವಾಲ್ವ್ ಬಾಡಿಗಳನ್ನು ಗ್ರಾಹಕರೇ ಕಳಿಸುತ್ತಾರೆ, ನಾವು ಮಷಿನಿಂಗ್ ಮಾಡಿ ಮರಳಿಸುತ್ತೇವೆ. ಮಾಲು ಅವರದು, ಕೂಲಿ ನಮ್ಮದು. ಲಕ್ಷಾಂತರ ರೂಪಾಯಿಯ ಪರರ ಮಾಲು ನಮ್ಮ ಶೆಡ್ಡಿನಲ್ಲಿ ಬಿದ್ದಿರುವಾಗ ಕರಾರಿನಲ್ಲಿ ಆಡಿಟ್ ಕಲಮು ಇಲ್ಲದಿದ್ದರೇ ಆಶ್ಚರ್ಯ. ಅದನ್ನು ತೆಗೆಸಬಹುದೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆ ನನಗೆ ಸರಿ ಕಾಣಲಿಲ್ಲ. ಏಕೆ ಎಂದು ಮುಂದೆ ಹೇಳುತ್ತೇನೆ.

ಈ ಧಂದೆಯಲ್ಲಿ ಇರುವವರಿಗೆ ಸಿಆರ್ (ಕಾಸ್ಟಿಂಗ್ ರಿಜೆಕ್ಷನ್), ಎಂಆರ್ (ಮಷಿನಿಂಗ್ ರಿಜೆಕ್ಷನ್) ಗೊತ್ತು. ಹೌಸಿಂಗಿಗೆ ಬೋರ್, ಅಂದರೆ ಒಳರಂಧ್ರ, ಕೊರೆಯುತ್ತಿರುವಾಗ ಒಳಗೆ ಬ್ಲೋ ಹೋಲ್ (ಎರಕದಲ್ಲಿ ಗಾಳಿ ಸಿಕ್ಕಿ ಆದ ತೂತು) ಕಾಣಿಸಿತು ಎಂದರೆ ತಪ್ಪು ಎರಕದ್ದು, ಅದು ಸಿಆರ್. ನಮ್ಮ ಆಪರೇಟರ್ ಮಷಿನ್‌ಗೆ ಅಳತೆಯ ಆಫ್‌ಸೆಟ್ ತಪ್ಪಾಗಿ ಕೊಟ್ಟು ಬೋರ್ ದೊಡ್ಡದಾಯಿತು ಎಂದರೆ ಅದು ಎಂಆರ್. ಸಿಆರ್ ಆದರೆ ಕಾಸ್ಟಿಂಗಿನ ಬೆಲೆ ಫೌಂಡ್ರಿಯ ತಲೆಗೆ. ಎಂಆರ್ ಆದರೆ ನಮ್ಮ ತಲೆಗೆ, ಅದೂ ನಮ್ಮ ಕೂಲಿಯ ಎಷ್ಟೋ ಪಟ್ಟು. ನಮ್ಮ ಕರಾರಿನಲ್ಲಿ ಇನ್ನೊಂದು ಸಾಲಿತ್ತು: ಎರಕದ ದೋಷವೆಂದು ದಾಖಲೆಯಿಂದ ತೋರಿಸಲಾಗದ ಪ್ರತಿ ರಿಜೆಕ್ಷನ್ ಮಷಿನಿಂಗ್ ದೋಷವೆಂದೇ ಲೆಕ್ಕ. ಸಹಿ ಹಾಕುವಾಗ ಆ ಸಾಲನ್ನು ಓದಿದ್ದೆ, ಸಹಜವೆಂದು ಬಿಟ್ಟಿದ್ದೆ.

ನಮ್ಮ ಶಾಪಿನಲ್ಲಿ ದಿನದ ಲೆಕ್ಕ ಬರೆಯುವವರು ಒಬ್ಬ ಹಿರಿಯ ಮೇಲ್ವಿಚಾರಕರು, ಎಲ್ಲರಿಗೂ ಅವರು ಕಾಕಾ. ಅವರ ರಿಜಿಸ್ಟರ್ ನೋಡಲು ಚೆನ್ನಾಗಿರಲಿಲ್ಲ. ಕೂಲಂಟ್ ಬಿದ್ದು ಹಾಳೆಗಳು ಅಂಟಿಕೊಂಡಿದ್ದವು, ಗ್ರೀಸಿನ ಹೆಬ್ಬೆಟ್ಟು ಪುಟಪುಟಕ್ಕೂ ಇತ್ತು. ಹಗಲು ಪಾಳಿಯಲ್ಲಿ ಕನ್ನಡ, ರಾತ್ರಿ ಪಾಳಿಯವನು ಬರೆದರೆ ಮರಾಠಿ, ಅಂಕಿಗಳೆಲ್ಲ ಇಂಗ್ಲಿಷ್. ರಿಜೆಕ್ಟ್ ಆದ ಪೀಸುಗಳ ಕೆಲವು ಅಂಕಿಗಳ ಸುತ್ತ ಕಾಕಾ ಪೆನ್ಸಿಲಿನಿಂದ ಸೊನ್ನೆ ಸುತ್ತುತ್ತಿದ್ದರು. ಅದೇಕೆ ಎಂದು ನಾನು ಎಂದೂ ಕೇಳಿರಲಿಲ್ಲ.

ಆಡಿಟ್ ಪತ್ರ ಬಂದಾಗ ನನಗೆ ನಾಚಿಕೆಯೇ ದೊಡ್ಡದಾಯಿತು. ಈ ಪುಸ್ತಕವನ್ನು ಹೊರಗಿನವರ ಮುಂದೆ ಹೇಗೆ ಇಡುವುದು? ತಮ್ಮನ ಮಗ ಕಾಲೇಜು ಮುಗಿಸಿ ಮನೆಯಲ್ಲಿದ್ದ, ಅವನ ಅಕ್ಷರ ಮುತ್ತು ಪೋಣಿಸಿದಂತೆ. ಹೊಸ ರಿಜಿಸ್ಟರ್ ತರಿಸಿ, ಏಪ್ರಿಲ್‌ನಿಂದ ಹಿಡಿದು ಎಲ್ಲವನ್ನೂ ಅವನ ಕೈಯಲ್ಲಿ ನಕಲು ಮಾಡಿಸಿದೆ. ಒಂದಂಕಿಯನ್ನೂ ನಾವು ತಿದ್ದಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮೋಸದ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಆದರೆ ಹುಡುಗನಿಗೆ ಆ ಸೊನ್ನೆಗಳು ಗೀಚಾಟದಂತೆ ಕಂಡವು, ಬಿಟ್ಟುಬಿಟ್ಟ. ಬ್ಲೋ ಹೋಲ್ ಬಂದ ಪೀಸುಗಳಿಗೆ ಕಾಕಾ ಹಾಕಿಕೊಂಡಿದ್ದ ಗುರುತು ಅದು! ವರ್ಷದ ಅಷ್ಟೂ ಸಿಆರ್ ಹೊಸ ಪುಸ್ತಕದಲ್ಲಿ ಬರಿಯ ‘ರಿಜೆಕ್ಟ್’ ಆಗಿ ಕುಳಿತವು. ಹಳೆಯ ರಿಜಿಸ್ಟರನ್ನು ನಾನೇ ಹಳೆಯ ಪೇಪರುಗಳ ಜೊತೆ ರದ್ದಿಗೆ ಹಾಕಿದೆ. ಎರಡೆರಡು ಪುಸ್ತಕ ಇದ್ದರೆ ಆಡಿಟರ್ ಸಂಶಯಪಡುತ್ತಾರೆ ಎಂಬುದು ನನ್ನ ಬುದ್ಧಿವಂತಿಕೆ.

ಆಡಿಟ್‌ಗೆ ಬಂದವರು ಮೊದಲು ಕಚೇರಿಗೆ ಬರಲೇ ಇಲ್ಲ. ನೇರ ಡಿಸ್ಪ್ಯಾಚ್ ಜಾಗಕ್ಕೆ ಹೋಗಿ, ಎಣ್ಣೆ ಹಚ್ಚಿಟ್ಟಿದ್ದ ಒಂದು ಹೌಸಿಂಗ್ ಎತ್ತಿಕೊಂಡು, ಅದರ ಮೈಮೇಲಿನ ಹೀಟ್ ನಂಬರನ್ನು (ಯಾವ ಸಲದ ಕರಗಿಸಿದ ಲೋಹದಿಂದ ಎರಕವಾಯಿತು ಎಂಬ ಗುರುತು) ಬೆರಳಿನಿಂದ ಸವರಿ ಓದಿದರು. “ಇದು ಯಾವ ಚಲನ್‌ನಲ್ಲಿ ಬಂತು? ಅದೇ ಹೀಟಿನ ಉಳಿದ ಪೀಸುಗಳು ಎಲ್ಲಿ?” ಎಂದು ಕೇಳಿದರು. ನೀವು ಲೆಕ್ಕದ ಮೊತ್ತ ಸರಿಯಿದೆಯೇ ಎಂದು ತಲೆಕೆಡಿಸಿಕೊಂಡಿದ್ದೀರಿ. ಇಂಥವರು ಮೊತ್ತದಿಂದ ಶುರು ಮಾಡುವುದಿಲ್ಲ. ಒಂದು ಪೀಸನ್ನು ಹಿಡಿದು ಅದು ಬಾಗಿಲಿನಿಂದ ಒಳಗೆ ಬಂದ ಗಳಿಗೆಯವರೆಗೆ ಹಿಂದಕ್ಕೆ ನಡೆಯುತ್ತಾರೆ. ನಡುವೆ ಎಲ್ಲಿ ಕೊಂಡಿ ಕಳಚಿತೋ ಅಲ್ಲಿ ನಿಲ್ಲುತ್ತಾರೆ.

ನಮ್ಮದು ಎರಡು ಕಡೆ ಕಳಚಿತು. ರಿಜೆಕ್ಟ್ ಮಾಲನ್ನು ನಾವು ಮರಳಿಸಿದ್ದೆವು, ಆದರೆ ಮಾಲಿನ ಜೊತೆ ಹೋಗುವ ಚಲನ್‌ನಲ್ಲಿ ಬರಿಯ ಸಂಖ್ಯೆ ಇತ್ತು, ಕಾರಣ ಇರಲಿಲ್ಲ. ಆ ಪೀಸುಗಳು ಆಗಲೇ ಫೌಂಡ್ರಿಯ ಕುಲುಮೆಯಲ್ಲಿ ಕರಗಿ ಹೋಗಿದ್ದವು. ಕಾರಣ ಇದ್ದುದು ಕಾಕಾ ಸುತ್ತಿದ ಸೊನ್ನೆಯಲ್ಲಿ ಮಾತ್ರ. ಇನ್ನೊಂದು ಕಡೆ ನೆನೆದರೆ ಈಗ ನನಗೇ ನಗು ಬರುತ್ತದೆ. ಕರಾರಿನ ಪ್ರಕಾರ ಪ್ಯಾಕಿಂಗ್ ಸಾಮಾನಿನ ಖರ್ಚನ್ನು ಅವರು ಬಿಲ್ ನೋಡಿ ಕೊಡಬೇಕು, ಹಾಗಾಗಿ ಆ ಫೈಲು ಕೇಳಿದರು. ಅದರಲ್ಲಿ ಫೆಬ್ರವರಿಯ ಒಂದು ಬಿಲ್ಲು: ಟೇಪ್, ತುಕ್ಕು ಹಿಡಿಯದ ಕವರ್, ರಿಜಿಸ್ಟರ್ ಒಂದು. ಅವರು ಬಿಲ್ಲನ್ನು ನೋಡಿದರು, ಮೇಜಿನ ಮೇಲಿದ್ದ ರಿಜಿಸ್ಟರಿನ ರಟ್ಟಿನ ಮೇಲೆ ಅದೇ ಅಂಗಡಿಯ ಚೀಟಿ ನೋಡಿದರು, ಮೊದಲ ಪುಟ ತೆರೆದರು. ಏಪ್ರಿಲ್. ಫೆಬ್ರವರಿಯಲ್ಲಿ ಕೊಂಡ ಪುಸ್ತಕದಲ್ಲಿ ಹಿಂದಿನ ಏಪ್ರಿಲ್‌ನ ಬರಹ, ಮೊದಲಿನಿಂದ ಕೊನೆಯವರೆಗೆ ಒಂದೇ ಕೈ, ಒಂದೇ ನೀಲಿ ಪೆನ್ನು.

ಆ ಮನುಷ್ಯ ಕೆಟ್ಟವರಲ್ಲ. ಕಾಕಾ ಸೊನ್ನೆಯ ವಿಷಯ ಹೇಳಿದಾಗ ಗಮನವಿಟ್ಟು ಕೇಳಿದರು. “ಆ ಹಳೆಯ ಪುಸ್ತಕ ಸಿಕ್ಕರೆ ಫೋಟೋ ಕಳಿಸಿ, ಶುಕ್ರವಾರದವರೆಗೆ ವರದಿ ತಡೆಹಿಡಿಯುತ್ತೇನೆ” ಎಂದು ಹೇಳಿ ಹೋದರು. ರದ್ದಿ ಅಂಗಡಿಗೆ ಓಡಿದೆ, ಮಾಲು ಲಾರಿ ಹತ್ತಿ ಹೋಗಿಯಾಗಿತ್ತು. ನಮ್ಮಿಂದ ವಸೂಲಿಗೆಂದು 2.80 ಲಕ್ಷ ರೂಪಾಯಿಯ ಡೆಬಿಟ್ ನೋಟ್ ಬಂತು. ವ್ಯತ್ಯಾಸ ಶೇಕಡಾ 2 ದಾಟಿದರೆ ಆಡಿಟ್ ಖರ್ಚೂ ನಮ್ಮದೇ ಎಂಬ ಕಲಮು ಇತ್ತು, ಅದೂ ಸೇರಿತು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ, ತಿಂಗಳುಗಟ್ಟಲೆ ನನ್ನೊಡನೆ ಸರಿಯಾಗಿ ಮಾತನಾಡಲೂ ಇಲ್ಲ.

ತಪ್ಪು ಯಾವುದು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೇಳಿದವರೆಲ್ಲ ‘ನಕಲಿನಲ್ಲಿ ಗುರುತು ಬಿಟ್ಟುಹೋದದ್ದು’ ಎನ್ನುತ್ತಾರೆ. ಅಲ್ಲ. ಹುಡುಗ ಸೊನ್ನೆಗಳನ್ನೂ ತಪ್ಪದೆ ಇಳಿಸಿದ್ದರೂ ನಾವು ಸೋಲುತ್ತಿದ್ದೆವು. ಕೆಲಸ ನಡೆದ ಹೊತ್ತಿನಲ್ಲಿ, ಕೆಲಸ ನೋಡಿದವರು ಬರೆದದ್ದು ಎಂಬುದೇ ಆ ಹೊಲಸು ಪುಸ್ತಕದ ಬೆಲೆ. ನಕಲಿಗೆ ಆ ಬೆಲೆ ಬರುವುದಿಲ್ಲ, ಎಷ್ಟೇ ಸತ್ಯವಾಗಿರಲಿ. ಕಾನೂನಿನ ದಾರಿಯೂ ಇದೇ. ಹಳೆಯ ಸಾಕ್ಷ್ಯ ಕಾಯ್ದೆಯ 34ನೇ ಕಲಮು ವ್ಯವಹಾರದ ಓಟದಲ್ಲಿ ನಿಯಮಿತವಾಗಿ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕಕ್ಕೆ ಮಾನ್ಯತೆ ಕೊಡುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಪುಸ್ತಕವೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂಬ ಮಾತೂ ಅದರಲ್ಲೇ ಇದೆ. ಅಂದರೆ ಚಲನ್, ತೂಕದ ಚೀಟಿ, ಇಮೇಲ್ ಯಾವುದಾದರೂ ಜೊತೆಗೆ ನಿಲ್ಲಬೇಕು. ಜಿಎಸ್‌ಟಿ ನಿಯಮ 56 ಇನ್ನೂ ನೇರ: ಬರೆದದ್ದನ್ನು ಅಳಿಸಬಾರದು, ಮೇಲೆ ತಿದ್ದಿ ಬರೆಯಬಾರದು, ತಪ್ಪನ್ನು ಹೊಡೆದುಹಾಕಿ ದೃಢೀಕರಿಸಿ ಸರಿಯಾದದ್ದನ್ನು ಬರೆಯಬೇಕು, ಕೈಬರಹದ ಪುಸ್ತಕಗಳಿಗೆ ಕ್ರಮಸಂಖ್ಯೆ ಇರಬೇಕು. ಕಂಪ್ಯೂಟರಿನಲ್ಲಿ ಇಟ್ಟರೆ ತಿದ್ದಿದ, ಅಳಿಸಿದ ಪ್ರತಿ ನಮೂದಿನ ಲಾಗ್ ಇರಬೇಕು. ಹೊಡೆದುಹಾಕಿದ ಗೆರೆಯ ಕೆಳಗೆ ಹಳೆಯ ಅಂಕಿ ಕಾಣುತ್ತಿರುವ ಪುಟವನ್ನು ಆಡಿಟರ್ ನಂಬುತ್ತಾರೆ, ಒಂದೂ ತಪ್ಪಿಲ್ಲದ ಪುಟವನ್ನು ಎರಡು ಸಲ ನೋಡುತ್ತಾರೆ.

ಈಗ ನಿಮ್ಮ ಸಾಫ್ಟ್‌ವೇರ್. ಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಮುಂದಿನ ತಿಂಗಳ ಆಡಿಟ್‌ಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನಿನ್ನೆ ಕೊಂಡ ಸಾಫ್ಟ್‌ವೇರಿಗೆ ಹೋದ ವರ್ಷದ ಲೆಕ್ಕವನ್ನು ಇವತ್ತು ತುಂಬಿದರೆ ಅದರ ಲಾಗ್‌ನಲ್ಲಿ ಇವತ್ತಿನ ತಾರೀಖೇ ಬರುತ್ತದೆ, ನನ್ನ ಫೆಬ್ರವರಿಯ ಬಿಲ್ಲಿನ ಹಾಗೆ. ಕೊಳ್ಳುವಾಗ ಎಡಿಟ್ ಲಾಗ್ ಆಫ್ ಮಾಡಲಾಗದಂಥದ್ದನ್ನೇ ಕೊಳ್ಳಿ. ಕಂಪನಿಗಳಿಗೆ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮದು ಅಣ್ಣತಮ್ಮಂದಿರ ಪಾಲುದಾರಿಕೆ ಸಂಸ್ಥೆಯಾದ್ದರಿಂದ ಆ ನಿಯಮ ತಾಗುವುದಿಲ್ಲ, ಆದರೂ ಬೇಕು. ಬರಿಯ ಎಕ್ಸೆಲ್ ಶೀಟ್ ಎಂದರೆ ಅದು ಪೆನ್ಸಿಲಿನ ಬರಹವೇ.

ನಮ್ಮಲ್ಲಿ ಈಗಲೂ ಕಾಕಾ ಕೈಯಲ್ಲೇ ಬರೆಯುತ್ತಾರೆ, ಪುಟಸಂಖ್ಯೆ ಅಚ್ಚಾದ ಗಟ್ಟಿ ರಟ್ಟಿನ ಪುಸ್ತಕದಲ್ಲಿ, ಪೆನ್ನಿನಿಂದ. ರಟ್ಟಿನ ಒಳಬದಿಗೆ ಅವರ ಗುರುತುಗಳ ಪಟ್ಟಿ ಅಂಟಿಸಿದೆ: ಸೊನ್ನೆ ಎಂದರೆ ಬ್ಲೋ ಹೋಲ್, ಕತ್ತರಿ ಗುರುತು ಎಂದರೆ ಬೋರ್ ದೊಡ್ಡದು, ತ್ರಿಕೋನ ಎಂದರೆ ಮರಳು ಕಚ್ಚಿದ್ದು. ಸಂಜೆ ಅದನ್ನೇ ಕಂಪ್ಯೂಟರಿಗೆ ಹಾಕುವಾಗ ಪುಟಸಂಖ್ಯೆಯನ್ನೂ ಹಾಕುತ್ತೇವೆ. ಸಿಆರ್ ಪೀಸನ್ನು ಮರಳಿಸುವ ಮುಂಚೆ ತೂತು ಮತ್ತು ಹೀಟ್ ನಂಬರ್ ಎರಡೂ ಕಾಣುವಂತೆ ಒಂದು ಫೋಟೋ, ಚಲನ್ ಮೇಲೆ ಕಾರಣ. ತೂಕದ ಚೀಟಿ ಥರ್ಮಲ್ ಕಾಗದದ್ದಾದರೆ ಅದೇ ದಿನ ಜೆರಾಕ್ಸ್, ಇಲ್ಲವಾದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನಿಮ್ಮ ಕೈಯಲ್ಲಿ ಬಿಳಿ ಕಾಗದ ಉಳಿಯುತ್ತದೆ. “ಈ ಲಾಟ್ ನಡೆಸಿ, ಪರವಾಗಿಲ್ಲ” ಎಂದು ಅವರ ಕ್ವಾಲಿಟಿಯವರು ವಾಟ್ಸಾಪ್‌ನಲ್ಲಿ ಹೇಳಿದರೆ, ಹೇಳಿದ್ದೀರಿ ಎಂದು ನೀವೇ ಇಮೇಲ್ ಬರೆಯಿರಿ. ಆ ಮನುಷ್ಯ ನೌಕರಿ ಬಿಟ್ಟು ಹೋಗುತ್ತಾನೆ, ನಿಮ್ಮ ಮೊಬೈಲ್ ನೀರಿಗೆ ಬೀಳುತ್ತದೆ.

ಬೋರಿಂಗ್ ಚೂರಿನ, ಅಂದರೆ ಮಷಿನಿಂಗ್ ಮಾಡುವಾಗ ಉದುರುವ ಲೋಹದ ಚೂರಿನ, ಲೆಕ್ಕ ಮರೆಯಬೇಡಿ. ಬಂದ ತೂಕ, ಹೋದ ತೂಕ, ರಿಜೆಕ್ಟ್, ಚೂರು ಎಲ್ಲ ಕೂಡಿದರೂ ತಾಳೆಯಾಗುವುದಿಲ್ಲ. ಬೀಡಿನ (ಎರಕದ ಕಬ್ಬಿಣದ) ಚೂರು ಪುಡಿಯಾಗಿ ಹಾರುತ್ತದೆ, ಕೂಲಂಟ್‌ನಲ್ಲಿ ತೊಯ್ದರೆ ತೂಕ ಏರುತ್ತದೆ. ಶೇಕಡಾ ಎಷ್ಟು ನಷ್ಟ ಒಪ್ಪಿಗೆ, ಹಸಿ ತೂಕವೋ ಒಣ ತೂಕವೋ ಎಂದು ಕರಾರಿನಲ್ಲೇ ಬರೆಸಿ.

ದಾಖಲೆ ಐದು ವರ್ಷ ಇಡಬೇಕಂತೆ ಎಂದು ದೂರಿದ್ದೀರಿ. ಜಿಎಸ್‌ಟಿ ಅದಕ್ಕಿಂತ ಹೆಚ್ಚೇ ಕೇಳುತ್ತದೆ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. 2023-24ರ ಪುಸ್ತಕ 2030ರ ಡಿಸೆಂಬರ್ ಕೊನೆಯವರೆಗೆ ಇರಲೇಬೇಕು, ಮೇಲ್ಮನವಿ ಏನಾದರೂ ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ. ಜಾಬ್ ವರ್ಕ್‌ಗೆ ಬಂದ ಮಾಲು ಒಂದು ವರ್ಷದೊಳಗೆ ಮರಳದಿದ್ದರೆ, ಕಳಿಸಿದ ದಿನವೇ ಮಾರಿದಂತೆ ಎಂದು ತೆರಿಗೆ ಬೀಳುವುದು ನಿಮ್ಮ ಗ್ರಾಹಕರ ಮೇಲೆ. ಜಾಬ್ ವರ್ಕ್‌ಗೆ ಕಳಿಸಿದ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರಂ ಐಟಿಸಿ-04ರಲ್ಲಿ ಅವರು ನಿಮ್ಮ ಹೆಸರಿನ ಮುಂದೆ ತೋರಿಸಿದ ಸಂಖ್ಯೆಯನ್ನು ಈಗಲೇ ಕೇಳಿ ತರಿಸಿ ನಿಮ್ಮ ರಿಜಿಸ್ಟರ್ ಜೊತೆ ಹೋಲಿಸಿ. ಈ ಒಂದು ತಿಂಗಳಲ್ಲಿ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಅದೊಂದೇ. ವ್ಯತ್ಯಾಸ ಕಂಡರೆ ಹಳೆಯ ಪುಟ ಮುಟ್ಟಬೇಡಿ. ಬೇರೆ ಹಾಳೆಯಲ್ಲಿ ಇವತ್ತಿನ ತಾರೀಖು ಹಾಕಿ ವಿವರಣೆ ಬರೆದು, ಆಡಿಟ್ ದಿನ ನೀವೇ ಮುಂದಿಡಿ.

ಇನ್ನು ಕಲಮು ತೆಗೆಸುವ ಮಾತು. ದಾಖಲೆ ಗಟ್ಟಿಯಿದ್ದರೆ ಆ ಕಲಮು ನಿಮ್ಮ ಪರವೇ. ಇಲ್ಲದಿದ್ದರೆ ಅವರ ಸ್ಟೋರ್ಸಿನವರು ಬರೆದದ್ದೇ ವೇದವಾಗುತ್ತದೆ. ತೆಗೆಸುವ ಬದಲು ಅದಕ್ಕೆ ಬೇಲಿ ಹಾಕಿಸಿ: ಹದಿನೈದು ದಿನ ಮೊದಲು ನೋಟಿಸ್, ವರ್ಷಕ್ಕೆ ಒಂದೇ ಸಲ, ಈ ಕರಾರಿನ ಮಾಲಿನ ದಾಖಲೆ ಮಾತ್ರ. ನಿಮ್ಮ ಬೇರೆ ಗ್ರಾಹಕರ ಡ್ರಾಯಿಂಗ್, ದರಪಟ್ಟಿಗಳನ್ನು ಅವರು ನೋಡಕೂಡದು. ನೋಡಿದರೆ ಆ ಗ್ರಾಹಕರ ಕರಾರನ್ನು ನೀವು ಮುರಿದಂತೆ. ನಿಮ್ಮ ಉತ್ತರ ಕೇಳದೆ ಡೆಬಿಟ್ ನೋಟ್ ಹಾಕಕೂಡದು ಎಂಬ ಸಾಲಿಗೆ ಜಗಳವಾಡಿಯಾದರೂ ಬರೆಸಿ. ನನ್ನ ಹೊಸ ಕರಾರಿನಲ್ಲಿ ಇದೆ. ಕೇಳಿದ ಮೇಲೆ ಅವರು ಕೊಟ್ಟರು, ಮೊದಲು ನಾನು ಕೇಳಿರಲೇ ಇಲ್ಲ.

ಆಡಿಟ್ ಮುಗಿದ ಸಂಜೆ ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. ಅವಸರದಲ್ಲಿ ಹಾಕಬೇಡಿ. “ಪ್ರತಿ ತಲುಪಿದೆ, ಉತ್ತರವನ್ನು ಲಿಖಿತವಾಗಿ ಕೊಡುತ್ತೇವೆ” ಎಂದು ಸಹಿಯ ಮೇಲೆ ಬರೆದು, ತಾರೀಖು ಹಾಕಿ, ಅವರು ಗೇಟು ದಾಟುವ ಮುಂಚೆ ನಿಮ್ಮದೊಂದು ಪ್ರತಿ ಇಸಿದುಕೊಳ್ಳಿ.